ಉಡುಪಿಯ ಒಂದು ಮನೆ, ನಮ್ಮ ಸಂಘದ ಒಂದು ಕೋಣೆ

(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)

ಬೆಳಿಗ್ಗೆ ಹಾಲು ಹಾಕಿ ಹೋಗಿ, ಮನೆಗೆಲಸ ಮುಗಿಸಿ ಪುನಃ ಬಂದು ಕುಳಿತಿರುವ ಸದಸ್ಯ ಬಂಧುಗಳೇ, ತಾಯಂದಿರೇ,

ನಾವು ಭಾಷಣಗಾರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವರು. ಸಂಘ ಬೆಳೆದು ಬಂದ ದಾರಿಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಯವರು ಹೇಳಿದ್ದಾರೆ. ಆದರೆ ನಾವು ಉಡುಪಿಯಲ್ಲಿ ನೋಡಿದ ಒಂದು ಮನೆಯಿಂದ ಸುರು ಮಾಡುತ್ತೇವೆ. ಅದಕ್ಕೂ ನಮ್ಮ ಸಂಘಕ್ಕೂ ಸಂಬಂಧ ಉಂಟು, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಅದು ಹಾಜಿ ಅಬ್ದುಲ್ಲಾ ಸಾಹೇಬರ ಮನೆ. ಅವರ ಹೆಸರು ಹೆಬ್ರಿಯವರಿಗೆ ಹೊಸತಲ್ಲ. ಉಡುಪಿಯ ಸರಕಾರಿ ಹೆರಿಗೆ ಆಸ್ಪತ್ರೆಗೆ ಜಾಗ ದಾನ ಕೊಟ್ಟವರು ಅವರೇ. ಇಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿ ಕಣ್ಣು ಬಿಟ್ಟದ್ದು ಅಲ್ಲಿಯೇ. 1906ರಲ್ಲಿ ಅವರೂ ಊರಿನ ಕೆಲವು ಪ್ರಮುಖರೂ ಸೇರಿ ಒಂದು ಬ್ಯಾಂಕು ಕಟ್ಟಿದರು. ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಬಂಡವಾಳ 5,000 ರೂಪಾಯಿ. ಮಾರ್ಚ್ 12ರಂದು, ಮೊದಲನೆಯ ದಿನ, ಒಟ್ಟಾದ ಹಣ 38 ರೂಪಾಯಿ 13 ಆಣೆ 2 ಪೈ.

ಈಗಿನ ಮಕ್ಕಳಿಗೆ ಪೈ ಎಂದರೆ ಗೊತ್ತಿರಲಿಕ್ಕಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 2 ಪೈ ಎಂದರೆ ಒಂದು ರೂಪಾಯಿಯನ್ನು 96 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅದನ್ನು ಸಹ ಬಿಡದೆ ಬರೆದಿಟ್ಟಿದ್ದಾರೆ. ಬರೆದಿಟ್ಟ ಕಾರಣ ಇಷ್ಟು ವರ್ಷದ ಮೇಲೆ ನಾವು ಹೆಬ್ರಿಯಲ್ಲಿ ನಿಂತು ಹೇಳಲಿಕ್ಕಾಯಿತು.

ಬ್ಯಾಂಕು ತೆರೆಯುವ ಮುಂಚೆ ಸಾಹೇಬರು ಊರವರಿಗೆ ಒಂದು ವಿನಂತಿ ಮಾಡಿದ್ದರು. ಜಾತಿ ಮತ ನೋಡದೆ ಎಲ್ಲರಲ್ಲಿಯೂ ಉಳಿತಾಯದ ಅಭ್ಯಾಸ ಬರಬೇಕು, ಜೊತೆಗೆ ಸಹಕಾರದ ಅಭ್ಯಾಸವೂ ಬರಬೇಕು ಎಂಬುದು ಅದರ ತಾತ್ಪರ್ಯ. ಬ್ಯಾಂಕಿನವರ ಬಾಯಲ್ಲಿ ಸಹಕಾರ ಎಂಬ ಮಾತು! ಅದರ ಹಿಂದಿನ ವರ್ಷ, 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿತ್ತು. ಆಗಿನ ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ 1909ರಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಅಂದರೆ ಗಾಳಿ ಒಂದೇ, ಬೀಸಿದ ಊರು ಬೇರೆ ಬೇರೆ. 1925ರಲ್ಲಿ ಉಡುಪಿಯಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ತಂದು, ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡದ್ದೂ ಅದೇ ಗಾಳಿಯಲ್ಲಿ.

ಸಾಹೇಬರ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನಲ್ಲಿ ಸೇರಿ ಹೋಯಿತು. ಅದೇ ದಿವಸ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ಬೋರ್ಡು ಇಳಿಯಿತು, ಪಾಸುಪುಸ್ತಕ ಬದಲಾಯಿತು. ಆದರೆ ಕಾರ್ಪೊರೇಷನ್ ಬ್ಯಾಂಕಿನವರು ಹೆಸರಿರುವಾಗಲೇ ಒಂದು ಒಳ್ಳೆಯ ಕೆಲಸ ಮಾಡಿಟ್ಟಿದ್ದರು. ಸ್ಥಾಪಕರ ಆ ಹಳೇ ಮನೆಯನ್ನು ಕೆಡಹದೆ ಉಳಿಸಿ, ಅದರಲ್ಲಿ ನಾಣ್ಯಗಳ ಸಂಗ್ರಹಾಲಯ ಮಾಡಿದ್ದರು. ಪೇಟೆಯ ಜಾಗಕ್ಕೆ ಉಡುಪಿಯಲ್ಲಿ ಎಷ್ಟು ಕ್ರಯ ಉಂಟೆಂದು ನಿಮಗೆ ಗೊತ್ತಲ್ಲ. ಕೆಡಹಿ ನಾಲ್ಕು ಮಾಳಿಗೆ ಎಬ್ಬಿಸುವವರಿಗೆ ಏನೂ ಕಷ್ಟ ಇರಲಿಲ್ಲ.

ಇನ್ನು ನಮ್ಮ ವಿಷಯ. 25 ವರ್ಷದ ಹಿಂದೆ ನಮ್ಮ ಸಂಘ ಸುರುವಾದದ್ದು ರಸ್ತೆ ಬದಿಯ ಆ ಹಂಚಿನ ಮಾಡಿನ ಕೋಣೆಯಲ್ಲಿ. ಈಗ ಅಲ್ಲಿ ಹಿಂಡಿಯ ಗೋಣಿ ಇಟ್ಟಿದ್ದೇವೆ. ಮೊದಲ ದಿನ ಕ್ಯಾನು ತುಂಬಲಿಲ್ಲ, ಅರ್ಧ ಕ್ಯಾನನ್ನೇ ಲಾರಿಗೆ ಹತ್ತಿಸಿದೆವು ಎಂದು ಹಿರಿಯರು ಹೇಳುತ್ತಾರೆ. ಎಷ್ಟು ಲೀಟರು? ಒಬ್ಬರು ಹದಿನೆಂಟು ಎನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತೆರಡು ಎನ್ನುತ್ತಾರೆ. ಪುಸ್ತಕ ನೋಡುವ ಎಂದರೆ ಪುಸ್ತಕ ಇಲ್ಲ.

ಯಾಕೆ ಇಲ್ಲ ಎಂದು ಈ ಸಭೆಯಲ್ಲಿ ಹೇಳಿಬಿಡುತ್ತೇವೆ. ಹೊಸ ಕಟ್ಟಡಕ್ಕೆ ಬರುವಾಗ ಗೆದ್ದಲು ಹಿಡಿದ ಹಳೇ ಪುಸ್ತಕಗಳನ್ನು ಗುಜರಿಯವನಿಗೆ ತೂಗಿ ಕೊಟ್ಟೆವು. ನಾವು ಆಗ ಹೊಸತಾಗಿ ನಿರ್ದೇಶಕರಾದವರು, "ಕೊಡಿ, ಜಾಗ ಆಗಲಿ" ಎಂದವರು ನಾವೇ. ಲೆಕ್ಕಪರಿಶೋಧನೆ ಮುಗಿದ ಪುಸ್ತಕ, ಕಾನೂನಿನಲ್ಲಿ ತಪ್ಪಿರಲಿಲ್ಲ. ಆದರೆ ಉಡುಪಿಯಲ್ಲಿ ಆ ಎರಡು ಪೈಯ ಲೆಕ್ಕ ಕೇಳಿದಾಗ ನಮಗೆ ಮುಖ ಕೆಳಗೆ ಹಾಕುವ ಹಾಗಾಯಿತು. ಆ ದಿನ ಯಾರ ಮನೆಯ ಹಾಲು ಮೊದಲು ಅಳೆದದ್ದು ಎಂಬುದು ಗೋಣಿಯಲ್ಲಿ ಹೋಯಿತು.

ಈಗ ಆ ಕೋಣೆಯನ್ನೂ ಕೆಡಹುವ ಪ್ರಸ್ತಾಪ ಬಂದಿದೆ. ಪಶು ಆಹಾರಕ್ಕೆ ದೊಡ್ಡ ಗೋದಾಮು ಬೇಕು, ನಿಜ. ಪಕ್ಕಾಸು ಕುಂಬಾಗಿದೆ, ಮಳೆಗಾಲದಲ್ಲಿ ಸೋರುತ್ತದೆ, ಅದೂ ನಿಜ. ಆದರೆ ಮುರಕಲ್ಲಿನ ಗೋಡೆ ಗಟ್ಟಿ ಉಂಟು, ನಾವೇ ಹೋಗಿ ನೋಡಿದ್ದೇವೆ. ಮಾಡು ಬಿಚ್ಚಿ ಪಕ್ಕಾಸು ಬದಲಿಸಿದರೆ ಸಾಕು. ಗೋದಾಮಿಗೆ ಹಿಂದಿನ ಜಾಗ ಖಾಲಿ ಉಂಟು, ಲಾರಿ ತಿರುಗಲಿಕ್ಕೆ ಸ್ವಲ್ಪ ಮಣ್ಣು ಹಾಕಬೇಕಷ್ಟೆ. ಖರ್ಚು ಹೆಚ್ಚಾಗುತ್ತದೆ ಎಂದು ಆಡಳಿತ ಮಂಡಳಿಯಲ್ಲಿ ಕೆಲವರು ಹೇಳಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ, ಅದು ನಿಮ್ಮ ಬೋನಸ್ಸಿನ ಹಣವೇ.

ಮಹಾಸಭೆಯಲ್ಲಿ ವಿಷಯ ಬರುತ್ತದೆ, ಕೈ ಎತ್ತುವವರು ನೀವು. ನಮ್ಮ ಕೈ ಕೋಣೆ ಉಳಿಸುವ ಕಡೆಗೆ ಎಂದು ಈಗಲೇ ಹೇಳಿದ್ದೇವೆ. ಇನ್ನೊಂದು, ಯಾರ ಮನೆಯ ಅಟ್ಟದಲ್ಲಾದರೂ ಮೊದಲನೇ ವರ್ಷದ ಹಾಲಿನ ಪುಸ್ತಕ ಇದ್ದರೆ, ಹರಿದದ್ದಾದರೂ ಅಡ್ಡಿ ಇಲ್ಲ, ಕಾರ್ಯದರ್ಶಿಯವರ ಹತ್ತಿರ ತಂದು ಕೊಡಿ. ರಶೀದಿ ಬರೆದು ಕೊಡುತ್ತೇವೆ.