ಹಂಚಿನ ಮಾಡಿನ ಕೆಳಗಿನ ಕಾಗದಪತ್ರ

(ಕುಂದಾಪುರದಲ್ಲಿ ಹಂಚು ಮತ್ತು ಗೇರುಬೀಜ ಕಾರ್ಖಾನೆಗಳ ಕೆಲಸಗಾರರು, ಪೇಟೆಯ ಸಣ್ಣ ವ್ಯಾಪಾರಿಗಳು ಸೇರಿದ್ದ ಕೂಟದಲ್ಲಿ ಮಾಡಿದ ಭಾಷಣ)



ಶಾಸ್ತ್ರಿ ಸರ್ಕಲಿನಿಂದ ಪೇಟೆಯ ಒಳಕ್ಕೆ ನಡೆದು ಬರುವವರು ತಲೆಯೆತ್ತಿ ನೋಡಿದರೆ ಎರಡು ಬಗೆಯ ಕಟ್ಟಡಗಳು ಕಾಣುತ್ತವೆ. ಒಂದು, ಗಾಜು ಸಿಮೆಂಟಿನ ಹೊಸ ಮಳಿಗೆಗಳು. ಇನ್ನೊಂದು, ಅವುಗಳ ಸಂದಿಯಲ್ಲಿ ಸಿಕ್ಕಿಬಿದ್ದಂತಿರುವ ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮೇಲೆ ಮರದ ಮುಚ್ಚಿಗೆಯ ಉಪ್ಪರಿಗೆ, ಕೆಳಗೆ ಹಲಗೆಬಾಗಿಲಿನ ಅಂಗಡಿ. ಈ ಎರಡನೆಯ ಜಾತಿಯವು ವರ್ಷಕ್ಕೊಂದೆರಡರಂತೆ ಬೀಳುತ್ತಿವೆ. ಬೈಂದೂರಿನಲ್ಲೂ ಹೀಗೆಯೇ, ಬ್ರಹ್ಮಾವರದಲ್ಲೂ ಹೀಗೆಯೇ. ಯಾಕೆ ಬಿತ್ತೆಂದು ಕೇಳಿದರೆ ಎಲ್ಲರೂ ಮಳೆಯನ್ನು ತೋರಿಸುತ್ತಾರೆ. ನಾವು ಒಪ್ಪುವುದಿಲ್ಲ. ಈ ಕರಾವಳಿಯ ಮಳೆಗೆಂದೇ ಹಿರಿಯರು ಕಟ್ಟಿದ ಮನೆಗಳು ಇವು. ವರ್ಷಕ್ಕೊಮ್ಮೆ ಹಂಚು ಕೈಯಾಡಿಸಿ, ಗೆದ್ದಲು ಹತ್ತಿದ ಪಕಾಸು ಬದಲಿಸಿದರೆ ಇನ್ನೂ ಎರಡು ತಲೆಮಾರು ನಿಂತಾವು. ಕೈಯಾಡಿಸುವವರಿಲ್ಲ, ಏಕೆಂದರೆ ಆ ಮನೆ ಯಾರದೆಂದು ಯಾರಿಗೂ ಗೊತ್ತಿಲ್ಲ. ಮನೆಯನ್ನು ಬೀಳಿಸುತ್ತಿರುವುದು ಸತ್ತವರ ಹೆಸರಿನಲ್ಲೇ ಉಳಿದ ಕಾಗದ.

ಆಸ್ತಿಯ ವಾರಸಿಕೆ ಸಮಾಜವಾದಿಗಳಿಗೇಕೆ ಎಂದು ಇಲ್ಲೇ ಹಿಂದುಗಡೆ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಣ್ಣು ತುಳಿದವನ ಐದು ಸೆಂಟ್ಸು ಜಾಗ ಬಂಡವಾಳವಲ್ಲ. ಅವನ ಬೆವರು ಅದು. ದೊಡ್ಡವರ ಆಸ್ತಿಗೆ ದೊಡ್ಡ ವಕೀಲರಿದ್ದಾರೆ. ಕಾಗದ ಇಲ್ಲದೆ ಕೆಡುವುದು ಸಣ್ಣವರ ಮನೆ. ಅದರಲ್ಲೂ ಮೊದಲು ಕೆಡುವುದು ಹೆಣ್ಣುಮಕ್ಕಳ ಪಾಲು, ಆಮೇಲೆ ಕೆಳಗಿನ ಅಂಗಡಿಯ ಬಾಡಿಗೆಯವನ ಬದುಕು.

ನಮ್ಮ ಸೀಮೆಯಲ್ಲಿ ತೊಡಕು ಹೆಚ್ಚಾಗಲು ಕಾರಣವಿದೆ. ಪೇಟೆಯ ಒಂದೇ ಸಾಲಿನಲ್ಲಿ ಒಂದು ಮನೆ ಮಕ್ಕಳಸಂತಾನದವರದು, ಪಕ್ಕದ್ದು ಅಳಿಯಸಂತಾನದವರದು. ಅಳಿಯಕಟ್ಟನ್ನು ಬಾರ್ಕೂರಿನ ಭೂತಾಳಪಾಂಡ್ಯ ಹಾಕಿದನೆಂದು ಐತಿಹ್ಯ ಹೇಳುತ್ತದೆ. ಆ ಬಾರ್ಕೂರು ಇಂದಿನ ಬ್ರಹ್ಮಾವರ ತಾಲೂಕಿನಲ್ಲೇ ಇದೆ. ಆ ಕಟ್ಟಿನಲ್ಲಿ ಮನೆ ಕುಟುಂಬದ್ದು; ಯಜಮಾನ ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ; ಪಾಲು ಕೇಳುವ ಹಕ್ಕೂ ಯಾರಿಗೂ ಇರಲಿಲ್ಲ. 1949ರಲ್ಲಿ ಮದರಾಸು ಸರಕಾರದ ಅಳಿಯಸಂತಾನ ಕಾಯಿದೆ ಬಂದು ಪಾಲಿಗೆ ಬಾಗಿಲು ತೆರೆಯಿತು. 1956ರ ಹಿಂದೂ ವಾರಸಾ ಕಾಯಿದೆ ಇನ್ನೂ ಮುಂದೆ ಹೋಗಿ, ಸತ್ತವನ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಗುವಂತೆ ಮಾಡಿತು. ತನ್ನ ಪಾಲನ್ನು ಬೇಕಾದವರಿಗೆ ಬರೆದುಕೊಡುವ ಅಧಿಕಾರವನ್ನೂ ಕೊಟ್ಟಿತು.

ಇದು ನ್ಯಾಯವಾದ ಕಾನೂನು. ಆದರೆ ಲೆಕ್ಕ ಹಾಕಿ ನೋಡಿ. ಮೊದಲು ಒಂದು ಕುಟುಂಬದ ಹೆಸರಿನಲ್ಲಿದ್ದ ಮನೆಗೆ ಈಗ ಅಕ್ಕತಂಗಿಯರ ಮಕ್ಕಳೂ ಪಾಲುದಾರರು, ತೀರಿಹೋದ ಅಣ್ಣನ ವಿಧವೆಯೂ ಪಾಲುದಾರಳು, ಮುಂಬಯಿಯಲ್ಲಿ ಹೋಟೆಲು ಮಾಡಿಕೊಂಡಿರುವ ತಮ್ಮನ ಮಕ್ಕಳೂ ಪಾಲುದಾರರು. ಎರಡು ಸಾವುಗಳ ನಂತರ ಇಪ್ಪತ್ತು ರುಜು ಬೇಕು. ಅಷ್ಟು ಜನ ಒಂದೆಡೆ ಸೇರುವುದು ನಾಗಬನದ ಪೂಜೆಗೆ ಮಾತ್ರ. ಅಲ್ಲಿ ಪಾಲಿನ ಮಾತೆತ್ತುವ ಧೈರ್ಯ ಯಾರಿಗಿದೆ? "ಕಾಗ್ದ ಎಂತಕ್ಕೆ, ನಾವೆಲ್ಲ ಒಂದೇ ಅಲ್ದಾ?" ಎನ್ನುತ್ತಾರೆ. ಹಾಗೆಂದವರು ತೀರಿಕೊಳ್ಳುತ್ತಾರೆ, ಮನೆಗೆ ಬೀಗ ಬೀಳುತ್ತದೆ, ಆಮೇಲೆ ಹಂಚು ಜಾರುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. 1956ರ ಕಾಯಿದೆಯಲ್ಲಿ 23ನೆಯ ಕಲಮು ಎಂಬುದೊಂದಿತ್ತು. ಮನೆಯವರೇ ವಾಸವಾಗಿರುವ ಮನೆಯಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದು ಅದು ಹೇಳುತ್ತಿತ್ತು. ಗಂಡಸರು ಪಾಲು ಮಾಡದೆ ಕುಳಿತರಾಯಿತು, ತಂಗಿಯ ಹಕ್ಕು ಕಾಗದದಲ್ಲೇ ಉಳಿಯುತ್ತಿತ್ತು. ಆ ಕಲಮು 2005ರಲ್ಲಿ ಹೋಯಿತು. ಹಿರಿಯರ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕೆಂದು ಅದೇ ವರ್ಷ ಕಾನೂನಾಯಿತು. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಇದನ್ನು ಕೊಟ್ಟಿತ್ತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು. ಇಷ್ಟೆಲ್ಲ ಆದಮೇಲೂ ನಡೆಯುವುದೇನು? ತವರಿಗೆ ಕರೆದು, ಸೀರೆ ಕೊಟ್ಟು, ಊಟ ಹಾಕಿ, "ಖಾತೆಗೆ ಒಂದು ರುಜು" ಎಂದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸುತ್ತಾರೆ. ತಾಯಂದಿರೇ, ಓದಿಸಿ ಕೇಳದ ಕಾಗದಕ್ಕೆ ರುಜು ಹಾಕಬೇಡಿ. ಖಾತೆ ಬದಲಾವಣೆಗೆ ಒಪ್ಪಿಗೆ ಕೊಡುವುದು ಒಂದು, ಹಕ್ಕು ಬಿಟ್ಟುಕೊಡುವುದು ಮತ್ತೊಂದು.

ಖಾತೆಯ ಮಾತು ಬಂತು. ಪುರಸಭೆಯ ಖಾತೆಯಾಗಲಿ ಪಹಣಿಯಾಗಲಿ ಮಾಲಿಕತ್ವದ ಪತ್ರವಲ್ಲ. ತೆರಿಗೆ ಯಾರಿಂದ ವಸೂಲು ಮಾಡಬೇಕೆಂಬುದಕ್ಕೆ ಇರುವ ಲೆಕ್ಕ ಅದು. ನಾಡಕಚೇರಿಯ ವಂಶವೃಕ್ಷವೂ ಅಷ್ಟೇ. ಯಾರು ಯಾರ ಮಕ್ಕಳೆಂದು ತಿಳಿಸುತ್ತದೆ, ಯಾರಿಗೆ ಎಷ್ಟು ಪಾಲೆಂದು ತೀರ್ಮಾನಿಸುವುದಿಲ್ಲ. ಕೋರ್ಟು ಕೊಡುವ ವಾರಸಾ ಸರ್ಟಿಫಿಕೇಟು ಬ್ಯಾಂಕಿನ ಹಣ, ಷೇರು, ಬರಬೇಕಾದ ಸಾಲ ಇಂಥವಕ್ಕೆ, ಮನೆಗಲ್ಲ. ಇವನ್ನು ಒಂದಕ್ಕೊಂದು ಬೆರೆಸಿ ಜನರನ್ನು ಕಚೇರಿಯಿಂದ ಕಚೇರಿಗೆ ಓಡಿಸುವ ದಲ್ಲಾಳಿಗಳಿದ್ದಾರೆ. ಅವರ ಬಾಯಲ್ಲಿ ಇನ್ನೊಂದು ದೊಡ್ಡ ಶಬ್ದವಿದೆ: ಪ್ರೊಬೇಟ್.

ಪ್ರೊಬೇಟ್ ಎಂದರೆ ಉಯಿಲು, ನಾವು ವೀಲುನಾಮೆ ಎನ್ನುತ್ತೇವಲ್ಲ ಅದು, ನಿಜವಾದದ್ದೆಂದು ಕೋರ್ಟು ಮುದ್ರೆಯೊತ್ತಿ ಕೊಡುವ ಪ್ರಮಾಣ. "ಪ್ರೊಬೇಟ್ ಇಲ್ಲದೆ ಏನೂ ಆಗುವುದಿಲ್ಲ, ಖರ್ಚಿದೆ" ಎಂದು ಹೆದರಿಸುವವರಿಗೆ ಇದನ್ನು ಹೇಳಿ: 1925ರ ಭಾರತೀಯ ವಾರಸಾ ಕಾಯಿದೆಯ ಪ್ರಕಾರ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಾಗಿದ್ದದ್ದು ಮುಖ್ಯವಾಗಿ ಬಂಗಾಳದ ಸೀಮೆಗೂ ಮದರಾಸು, ಮುಂಬಯಿ ಪಟ್ಟಣಗಳಿಗೂ. ನಮ್ಮ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದಾಗಲೂ ಈ ಕಟ್ಟು ಕುಂದಾಪುರದ ಮನೆಗೆ ತಗಲಿರಲಿಲ್ಲ. ಮುಂಬಯಿಯ ಖೋಲಿಯನ್ನು ಉಯಿಲಿನಲ್ಲಿ ಬರೆದಿಟ್ಟವರ ಮಕ್ಕಳಿಗೆ ಮಾತ್ರ ತಗಲುತ್ತಿತ್ತು. ನಮ್ಮ ಇಗರ್ಜಿಯ ಬಾಂಧವರಿಗೂ 2002ರ ತಿದ್ದುಪಡಿಯ ತನಕ ಅದು ಬೇಕಿತ್ತು. 2025ರ ಕೊನೆಯಲ್ಲಿ ಸಂಸತ್ತು ಆ 213ನೆಯ ಕಲಮನ್ನೇ ತೆಗೆದುಹಾಕಿತು. ಉಯಿಲಿನ ಬಗ್ಗೆ ಮನೆಯಲ್ಲೇ ತಕರಾರೆದ್ದರೆ ಪ್ರೊಬೇಟ್ ಕೇಳುವುದಕ್ಕೆ ಈಗಲೂ ಅಡ್ಡಿಯಿಲ್ಲ. ಆಗ ಅದು ಉಪಯೋಗಕ್ಕೂ ಬರುತ್ತದೆ. ತಕರಾರಿಲ್ಲದ ಬಡವನನ್ನು ಅದರ ಹೆಸರಿನಲ್ಲಿ ಸುಲಿಯುವುದು ಮೋಸ.

ಉಯಿಲು ಬರೆಯುವುದೇನು ಕಷ್ಟವೇ? ಛಾಪಾ ಕಾಗದ ಬೇಡ, ಬಿಳಿಯ ಕಾಗದ ಸಾಕು. ಬರೆದವನು ರುಜು ಹಾಕಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು. ಅದನ್ನು ಕಂಡ ಇಬ್ಬರು ಅವನೆದುರಿಗೇ ಸಾಕ್ಷಿ ಹಾಕಬೇಕು. ಆಸ್ತಿ ಪಡೆಯುವವನನ್ನೇ ಸಾಕ್ಷಿ ಮಾಡಬೇಡಿ. ಬರೆದವನಿಗಿಂತ ಕಿರಿಯರನ್ನು ಮಾಡಿ, ನಾಳೆ ಕೋರ್ಟಿಗೆ ಬಂದು ಹೇಳಲು ಅವರು ಬದುಕಿರಬೇಕಲ್ಲ! ರಿಜಿಸ್ಟ್ರಿ ಕಡ್ಡಾಯವಲ್ಲ, ಆದರೆ ಸಬ್‌ರಿಜಿಸ್ಟ್ರಾರರಲ್ಲಿ ಮಾಡಿಸಿದ್ದಕ್ಕೆ ಬೆಲೆ ಹೆಚ್ಚು, ಕಳೆದುಹೋಗುವ ಭಯವೂ ಇಲ್ಲ. ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಗಂಗೊಳ್ಳಿ, ಕುಂದಾಪುರದ ಮುಸಲ್ಮಾನ ಬಂಧುಗಳಿಗೆ ಅವರ ಧರ್ಮಶಾಸ್ತ್ರದ ಮಿತಿಯಿದೆ. ವಾರಸುದಾರರ ಒಪ್ಪಿಗೆಯಿಲ್ಲದೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೊರಗಿನವರಿಗೆ ಬರೆಯುವಂತಿಲ್ಲ.

ಕಾಗದ ಸರಿಯಿಲ್ಲದ ಮನೆಗೆ ಏನಾಗುತ್ತದೆಂಬುದನ್ನು ಹೆದ್ದಾರಿ ನಮಗೆ ತೋರಿಸಿತು. ಚತುಷ್ಪಥಕ್ಕಾಗಿ ಬೈಂದೂರಿನಿಂದ ಬ್ರಹ್ಮಾವರದ ತನಕ ರಸ್ತೆಯಂಚಿನ ಜಾಗ ಹೋಯಿತು. ಪಾಲಿನ ಬಗ್ಗೆ ಜಗಳವಿದ್ದರೆ ಹೆದ್ದಾರಿ ಕಾಯಿದೆಯಂತೆ ಪರಿಹಾರದ ಪ್ರಶ್ನೆ ಸಿವಿಲ್ ಕೋರ್ಟಿಗೆ ಹೋಗುತ್ತದೆ. ಮನೆ ಉರುಳಲು ಒಂದು ದಿನ ಸಾಕು. ಹಣ ಕೈಗೆ ಬರಲು ಎಷ್ಟು ವರ್ಷವೆಂದು ಹೇಳುವವರಿಲ್ಲ.

ಉಳಿದ ಮನೆಗಳಿಗೆ ಇನ್ನೊಂದು ಗತಿಯುಂಟು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮವನ್ನು ನೀವು ಕೆಲವರು ನೋಡಿರಬಹುದು. ನಮ್ಮ ವಡೇರಹೋಬಳಿಯ ರಾಮಮಂದಿರವೂ ಹರ್ಕೂರಿನ ಒಳಗಿನಮನೆಯೂ ಅಲ್ಲಿವೆ. ಕಂಬ, ತೊಲೆ, ಬಾಗಿಲುಗಳನ್ನೆಲ್ಲ ಬಿಡಿಸಿ ಸಾಗಿಸಿ ಮತ್ತೆ ನಿಲ್ಲಿಸಿದ್ದಾರೆ. ಬ್ಯಾಂಕಿನಲ್ಲಿ ನೌಕರಿ ಮಾಡಿಕೊಂಡಿದ್ದ ಒಬ್ಬ ಮನುಷ್ಯ ಮಾಡಿದ ಈ ಕೆಲಸಕ್ಕೆ ಕೈಮುಗಿಯಬೇಕು; ಅವರು 2017ರಲ್ಲಿ ತೀರಿಕೊಂಡರು. ಆದರೆ ಅಲ್ಲಿ ನಿಂತಾಗ ನಮಗೆ ಅನಿಸಿದ್ದನ್ನೂ ಹೇಳಬೇಕು: ಒಲೆ ಉರಿಯದ, ಮಗು ಅಳದ ಮನೆ ಅದು. ಎಲ್ಲ ಮನೆಗಳನ್ನೂ ಮಣಿಪಾಲಕ್ಕೆ ಸಾಗಿಸಲಾಗುವುದಿಲ್ಲ. 1961ರ ಪ್ರಾಚೀನ ಸ್ಮಾರಕಗಳ ಕಾಯಿದೆ ಇರುವುದು ಸರಕಾರ ಸ್ಮಾರಕವೆಂದು ಸಾರಿದ ಕಟ್ಟಡಗಳಿಗೆ. ಬೆಲ್ಲದ ಅಂಗಡಿಯ ಉಪ್ಪರಿಗೆಗೆ ಅದರ ಕಾವಲಿಲ್ಲ. ಪೇಟೆಯ ಹಳೆಯ ಕಟ್ಟಡಗಳನ್ನು ಪುರಸಭೆಯವರು ಪಟ್ಟಿ ಮಾಡಲಿ, ಹಂಚು ಹೊದಿಸಿ ಉಳಿಸಿಕೊಳ್ಳುವವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ ಎಂದು ನಾವು ಕೇಳುತ್ತೇವೆ. ಇದರಲ್ಲಿ ನಮ್ಮ ಹೊಟ್ಟೆಪಾಡಿನ ಮಾತೂ ಇದೆ. ಹಂಚಿನ ಮಾಡು ಹೋದಂತೆಲ್ಲ ಹಂಚಿನ ಕಾರ್ಖಾನೆ ಮುಚ್ಚಿದೆ.

ಅಂಗಡಿಯ ಬಾಡಿಗೆದಾರರಿಗೆ ಒಂದು ಮಾತು. ಧಣಿ ತೀರಿಕೊಂಡ ಮಾತ್ರಕ್ಕೆ ನಿಮ್ಮ ಬಾಡಿಗೆ ಮುರಿಯುವುದಿಲ್ಲ. ಮೂವರು ಮಕ್ಕಳು ಮೂರು ಕಡೆಯಿಂದ ಬಾಡಿಗೆ ಕೇಳಿದರೆ ಮೂವರಿಗೂ ಬರೆಹದಲ್ಲಿ ತಿಳಿಸಿ, ರಶೀದಿಯಿಲ್ಲದೆ ಒಂದು ಕಾಸೂ ಕೊಡಬೇಡಿ. ಬಾಡಿಗೆ ನಿಲ್ಲಿಸಲೂ ಬೇಡಿ. ಬಾಕಿಯೇ ಎಬ್ಬಿಸುವವರಿಗೆ ಸಿಗುವ ಮೊದಲ ಆಯುಧ. ಪಾಲುದಾರರಲ್ಲಿ ಒಬ್ಬ ತನ್ನ ಪಾಲನ್ನು ಹೊರಗಿನ ಬಿಲ್ಡರನಿಗೆ ಮಾರಿದನೆಂದು ಉಳಿದವರೂ ಹೆದರಬೇಕಾಗಿಲ್ಲ. ಕುಟುಂಬದ ವಾಸದ ಮನೆಯಾಗಿದ್ದು, ಆ ಹೊರಗಿನವನು ಪಾಲಿಗೆ ದಾವೆ ಹಾಕಿದರೆ, ಕೋರ್ಟು ಕಟ್ಟಿದ ಬೆಲೆಗೆ ಆ ಪಾಲನ್ನು ಮನೆಯವರೇ ಕೊಳ್ಳಬಹುದೆಂದು 1893ರ ವಿಭಾಗ ಕಾಯಿದೆಯ 4ನೆಯ ಕಲಮು ಹೇಳುತ್ತದೆ. ಬಿಲ್ಡರರಿಗೆ ಇದು ಗೊತ್ತಿದೆ. ನಮ್ಮವರಿಗೆ ಗೊತ್ತಿಲ್ಲ.

ವಕೀಲರಿಗೆ ಕೊಡಲು ದುಡ್ಡೆಲ್ಲಿ ಎನ್ನುತ್ತೀರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೆಯ ಕಲಮಿನಲ್ಲಿ ಧರ್ಮಾರ್ಥ ವಕೀಲರನ್ನು ಪಡೆಯುವವರ ಪಟ್ಟಿಯಿದೆ. ಪರಿಶಿಷ್ಟರು, ಅಂಗವಿಕಲರು ಇದ್ದಾರೆ. ಹೆಂಗಸರು ಇದ್ದಾರೆ, ಅವರ ಆದಾಯ ಎಷ್ಟೆಂದು ಕೇಳುವಂತಿಲ್ಲ. ಕೈಗಾರಿಕಾ ಕೆಲಸಗಾರ ಎಂಬ ಮಾತೂ ಆ ಪಟ್ಟಿಯಲ್ಲಿ ಬೇರೆಯಾಗಿಯೇ ಇದೆ. ಇಲ್ಲಿ ಕುಳಿತ ಹಂಚಿನ ಕೆಲಸಗಾರರೇ, ಗೇರುಬೀಜ ಸುಲಿಯುವ ತಾಯಂದಿರೇ, ಅದು ನೀವು. ಭಿಕ್ಷೆಯೆಂದು ನಾಚಿಕೊಳ್ಳಬೇಡಿ, ಕಾನೂನಿನಲ್ಲಿ ಬರೆದ ಹಕ್ಕು. ಪಾಲಿನ ಜಗಳವನ್ನು ಲೋಕ ಅದಾಲತಿನಲ್ಲಿ ಕೂತು ಮುಗಿಸಿದರೆ ಕಟ್ಟಿದ ಕೋರ್ಟು ಫೀಸು ವಾಪಸು ಬರುತ್ತದೆ. ಅಲ್ಲಿನ ತೀರ್ಮಾನದ ಮೇಲೆ ಅಪೀಲಿಲ್ಲವಾದ್ದರಿಂದ ಒಪ್ಪುವ ಮೊದಲು ಚೆನ್ನಾಗಿ ಯೋಚಿಸಿ.

ತಾಲೂಕು ಕಾನೂನು ಸೇವಾ ಸಮಿತಿ ಕುಂದಾಪುರದ ಕೋರ್ಟಿನ ಆವರಣದಲ್ಲೇ ಇದೆ. ಬ್ರಹ್ಮಾವರದ ಕಡೆಯವರಿಗೆ ಉಡುಪಿ ಹತ್ತಿರ, ಜಿಲ್ಲಾ ಪ್ರಾಧಿಕಾರ ಅಲ್ಲಿದೆ. ಹೋಗಲಾಗದವರು 15100ಕ್ಕೆ ಫೋನು ಮಾಡಿ. ಹೋಗುವಾಗ ಬರಿಗೈಲಿ ಹೋಗಬೇಡಿ. ಮರಣಪತ್ರ, ಹಳೆಯ ದಸ್ತಾವೇಜು ಅಥವಾ ಮೂಲಗೇಣಿ ಚೀಟಿ, ತೆರಿಗೆ ರಶೀದಿ, ಪಾಲುದಾರರ ಹೆಸರು ವಿಳಾಸ, ಇಷ್ಟನ್ನು ಒಂದು ಚೀಲದಲ್ಲಿ ಕಟ್ಟಿಕೊಳ್ಳಿ. ಬರೆಯಲು ಬಾರದವರ ಅರ್ಜಿಯನ್ನು ನಾವು ಬರೆದುಕೊಡುತ್ತೇವೆ. ಕೂಟ ಮುಗಿದ ಮೇಲೆ ಈ ಮೇಜಿನ ಹತ್ತಿರವೇ ಕುಳಿತಿರುತ್ತೇವೆ.