ಖರೀದಿ ಪತ್ರದ ಮೇಲಿನ ಹೆಬ್ಬೆಟ್ಟು



ಬೈರಿದೇವರಕೊಪ್ಪದ ಈ ಸಭೆಯಲ್ಲಿ ಹೊಲ ಮಾರಿದವರೂ ಇದ್ದೀರಿ, ಪ್ಲಾಟು ಕೊಂಡವರೂ ಇದ್ದೀರಿ. ಚಿಗರಿ ಬಸ್ಸು ಓಡುವ ಈ ರಸ್ತೆಯ ಎಡಬಲದ ಹೊಲಗಳು ಲೇಔಟ್ ಆದದ್ದನ್ನು ಕಣ್ಣಾರೆ ಕಂಡವರು ನೀವು. ಉತಾರ, ಇಸಿ ಅಂದರೇನೆಂದು ನಿಮಗೆ ಹೇಳಬೇಕಾಗಿಲ್ಲ.

2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಕುಸಿಯಿತು. ಸಬ್ ರಜಿಸ್ಟ್ರಾರ್ ಕಚೇರಿಗಳಲ್ಲಿ ನೋಂದಣಿ ನಿಂತಿತು. 62 ಇಮೇಲ್ ಖಾತೆಗಳಿಂದ ಯಾರೋ ಸುಳ್ಳು ಇಸಿ ಹುಡುಕಾಟ ಸುರಿದಿದ್ದರು. ಎರಡೇ ತಾಸಿನಲ್ಲಿ 6.2 ಲಕ್ಷ ಕೋರಿಕೆ. ಕೊಳ್ಳದ ಜನ ಅಂಗಡಿ ಬಾಗಿಲಿಗೆ ಮುಗಿಬಿದ್ದರೆ ಕೊಳ್ಳುವವನಿಗೆ ಒಳಗೆ ಹೋಗಲು ದಾರಿ ಸಿಗುವುದಿಲ್ಲ, ಹಾಗೆ. ದೊಡ್ಡ ಸುದ್ದಿಯಾಯಿತು, ಸರಿಯೂ ಹೋಯಿತು.

ನಾನು ಹೇಳಬೇಕೆಂದು ಬಂದದ್ದು ಅದಕ್ಕೂ ಮೊದಲು, 2023ರಲ್ಲಿ, ಸದ್ದಿಲ್ಲದೆ ಆದ ಹಾನಿಯನ್ನು. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಯಿಂದ ಹಣ ಹೋಗತೊಡಗಿತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಮಂಗಳೂರು ಪೊಲೀಸರ ತನಿಖೆ ಬಿಹಾರದವರೆಗೆ ಹೋಯಿತು. ಕಳ್ಳರು ಕಾವೇರಿಯಿಂದಲೇ ಖರೀದಿ ಪತ್ರಗಳ ನಕಲು ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಅಚ್ಚು ತೆಗೆದು, ಅದೇ ಹಾಳೆಯ ಆಧಾರ್ ಸಂಖ್ಯೆ ಸೇರಿಸಿ ಹಣ ಎಳೆದಿದ್ದರು.

ಇಲ್ಲಿ ಯಾವ ಬೀಗವನ್ನೂ ಒಡೆದಿರಲಿಲ್ಲ ಎಂಬುದೇ ನನ್ನ ನಿದ್ದೆಗೆಡಿಸಿದ ಸಂಗತಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಸ್ಥಿರಾಸ್ತಿ ಪತ್ರಗಳ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು ಎನ್ನುತ್ತದೆ. ಒಂದೇ ಹೊಲವನ್ನು ಇಬ್ಬರಿಗೆ ಮಾರುವುದನ್ನು ತಡೆಯಲು ಅದು ಬೇಕು. 2001ರ ತಿದ್ದುಪಡಿ ಮಾರುವವರ, ಕೊಳ್ಳುವವರ ಫೋಟೊ, ಬೆರಳಚ್ಚು ಕಡ್ಡಾಯ ಮಾಡಿತು. ಸತ್ತವರ ಹೆಸರಲ್ಲಿ ಬೇರೆಯವರು ನಿಂತು ಸಹಿ ಹಾಕದಿರಲು ಅದೂ ಬೇಕು. ಬ್ಯಾಂಕಿಲ್ಲದ ಹಳ್ಳಿಯ ಅಜ್ಜಿಗೆ ಪಿಂಚಣಿ ಸಿಗಲೆಂದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟರಿಂದಲೇ ಹಣ ತೆಗೆಯುವ ಎಇಪಿಎಸ್ ಬಂತು. ಅಜ್ಜಿಗೆ ಪಿನ್ ನೆನಪಿಡುವ ಕಷ್ಟ ಇಲ್ಲ. ಒಂದೊಂದೂ ಒಳ್ಳೆಯ ಉದ್ದೇಶದ್ದೇ. ಮೊದಲು ಪುಸ್ತಕ ನೋಡಬೇಕಾದರೆ ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ಗುಮಾಸ್ತರ ಕಣ್ಣೆದುರು ನಿಲ್ಲಬೇಕಿತ್ತು. ಆ ಪುಸ್ತಕ ಅಂತರ್ಜಾಲಕ್ಕೆ ಏರಿದಾಗ, ಅದರಲ್ಲಿನ ಹೆಬ್ಬೆಟ್ಟು ಈಗ ಖಾತೆಯ ಕೀಲಿಕೈ ಆಗಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಇದನ್ನು ನಾನು ಬರಿ ಕಳ್ಳರ ಜಾಣತನ ಎನ್ನಲಾರೆ. ಒಂದು ಇಲಾಖೆ ಮಾಡಿದ್ದು ಇನ್ನೊಂದಕ್ಕೆ ಗೊತ್ತಿಲ್ಲದ್ದರ ಫಲ ಇದು. ತೆತ್ತವರು ಮಾತ್ರ ಕಾನೂನು ಹೇಳಿದಂತೆ ಹೆಬ್ಬೆಟ್ಟೊತ್ತಿದ ಜನ.

ಬಳಿಕ ಇಲಾಖೆ ನಕಲುಗಳಲ್ಲಿ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಡತೊಡಗಿತು. ಅದಕ್ಕೆ ಮೊದಲು ಇಳಿಸಿಕೊಂಡ ನಕಲು ಇನ್ನೂ ಯಾರ ಕೈಯಲ್ಲೋ ಇದ್ದೀತು. ಪಾಸ್‌ವರ್ಡ್ ಹೋದರೆ ಬೇರೆ ಇಟ್ಟುಕೊಳ್ಳಬಹುದು, ಹೆಬ್ಬೆರಳಿಗೆ ಬದಲಿ ಎಲ್ಲಿಂದ ತರೋಣ?

2023ರಲ್ಲೋ ಅದಕ್ಕೂ ಮೊದಲೋ ಹೊಲ, ಮನೆ, ಪ್ಲಾಟು ನೋಂದಣಿ ಮಾಡಿಸಿದವರು ಉಪನ್ಯಾಸ ಮುಗಿದ ಮೇಲೆ ದಯವಿಟ್ಟು ಎದ್ದು ಹೋಗಬೇಡಿ. ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಲು ಬರುತ್ತದೆ; ಬೇಕಾದಾಗ ತೆರೆದುಕೊಳ್ಳಬಹುದು. ಹಿಂದೆ ಕೂತ ನಮ್ಮ ಹುಡುಗರು ಒಬ್ಬೊಬ್ಬರಿಗೂ ಮಾಡಿ ತೋರಿಸುತ್ತಾರೆ. ಆಧಾರ್‌ಗೆ ಜೋಡಿಸಿದ ನಂಬರಿನ ಮೊಬೈಲು ಮನೆಯಲ್ಲಿದ್ದರೆ ಈಗಲೇ ತರಿಸಿಕೊಳ್ಳಿ.