ಆಟದ ಕಿಡಿಯೂ ಒಂಬತ್ತನೆಯ ಇಯತ್ತೆಯ ವಿಜ್ಞಾನವೂ

(ವಿಶ್ರಾಮಬಾಗದಲ್ಲಿ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸಾಂಗಲಿ, ಮಿರಜ, ಜತ್ತ ಭಾಗದ ಕನ್ನಡ ಶಾಲೆಗಳ ಪಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಮುಂದೆ ಎಲ್ಲವೂ ಕಂಪ್ಯೂಟರ್. ಕನ್ನಡದಲ್ಲಿ ಕಲಿತ ಮಗು ಅಲ್ಲಿ ನಿಲ್ಲಬಲ್ಲದೇ?" ಇದಕ್ಕೆ ಒಂದು ಉದಾಹರಣೆಯಿಂದ ಉತ್ತರಿಸುತ್ತೇನೆ.

ನಿಮ್ಮ ಮಕ್ಕಳು ಮೊಬೈಲಿನಲ್ಲಿ ಆಡುವ ಆಟದಲ್ಲಿ ಕಿಡಿ ಸಿಡಿಯುತ್ತದೆ, ಗಾಡಿಯ ಹಿಂದೆ ಧೂಳು ಏಳುತ್ತದೆ. ಆ ಧೂಳು ಎಲ್ಲಿಗೆ ಹಾರಬೇಕೆಂಬುದನ್ನು ಯಂತ್ರ ಆ ಕ್ಷಣದಲ್ಲೇ ಲೆಕ್ಕ ಹಾಕುತ್ತದೆ. ಇದನ್ನು ಕಣವ್ಯವಸ್ಥೆ ಎನ್ನಬಹುದು. 1982ರ 'ಸ್ಟಾರ್ ಟ್ರೆಕ್' ಚಲನಚಿತ್ರದಲ್ಲಿ ಬೆಂಕಿಯ ದೃಶ್ಯಕ್ಕೆ ಇದನ್ನು ಬಳಸಿದ ವಿಲಿಯಂ ರೀವ್ಸ್ ಅವರು 1983ರಲ್ಲಿ ವಿಧಾನವನ್ನು ಪ್ರಕಟಿಸಿದರು.

ದೀಪಾವಳಿಯ ಹೂಕುಂಡವನ್ನು ನೆನೆಯಿರಿ. ಪ್ರತಿ ಕಿಡಿಗೂ ಯಂತ್ರ ನಾಲ್ಕು ಸಂಗತಿ ಬರೆದಿಡುತ್ತದೆ: ಎಲ್ಲಿದೆ, ಯಾವ ಕಡೆಗೆ ಎಷ್ಟು ವೇಗ, ಯಾವ ಬಣ್ಣ, ಎಷ್ಟು ಆಯುಷ್ಯ. ಒಂದು ಕಿಡಿ ಸೆಕೆಂಡಿಗೆ 3 ಮೀಟರ್ ವೇಗದಿಂದ ಮೇಲಕ್ಕೆ ಹಾರಿತೆನ್ನಿ. ಭೂಮಿಯ ಸೆಳೆತದಿಂದ ಆ ವೇಗ ಪ್ರತಿ ಸೆಕೆಂಡಿಗೆ ಸುಮಾರು 10ರಷ್ಟು ಇಳಿಯುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 1ರಷ್ಟು. ಹೀಗೆ ವೇಗ 3, 2, 1, ಸೊನ್ನೆ. ಆಮೇಲೆ ಕಿಡಿ ಕೆಳಕ್ಕೆ. ಗಾಳಿ ಇದ್ದರೆ ಅದನ್ನೂ ಕೂಡಿಸಬೇಕು. ಆಯುಷ್ಯ ತೀರಿದ ಕಿಡಿಯನ್ನು ಅಳಿಸಬೇಕು, ಹೊಸದನ್ನು ಹುಟ್ಟಿಸಬೇಕು. ಸಾವಿರಾರು ಕಿಡಿಗಳ ಈ ಲೆಕ್ಕ ಸೆಕೆಂಡಿಗೆ ಸಾಮಾನ್ಯವಾಗಿ 30 ಇಲ್ಲವೆ 60 ಸಲ ಮುಗಿಯಬೇಕು. ತಡವಾದರೆ ಚಿತ್ರ ಮುಗ್ಗರಿಸುತ್ತದೆ.

ಇಲ್ಲಿ ಯಂತ್ರದ್ದು ಬರೀ ಅವಸರ, ತಿಳಿವಳಿಕೆ ನ್ಯೂಟನ್ನರದು. ಅದೇ ಚಲನೆಯ ನಿಯಮಗಳು ಬಾಲಭಾರತಿಯ ಒಂಬತ್ತನೆಯ ಇಯತ್ತೆಯ ವಿಜ್ಞಾನ ಪುಸ್ತಕದಲ್ಲಿವೆ.

ಇದು ಆಟಕ್ಕಷ್ಟೇ ಅಲ್ಲ. 2005, 2019, 2021ರಲ್ಲಿ ಕೃಷ್ಣೆಯ ಮಹಾಪೂರ ಕಂಡವರು ನಾವು. ನೀರನ್ನೂ ಕಣಗಳ ರಾಶಿಯೆಂದು ಎಣಿಸಿ, ಒಂದು ಕಣ ಪಕ್ಕದ ಕಣವನ್ನು ಹೇಗೆ ಒತ್ತುತ್ತದೆಂದು ಲೆಕ್ಕ ಹಾಕುವ ವಿಧಾನವಿದೆ. 1977ರಲ್ಲಿ ನಕ್ಷತ್ರಗಳ ಅಧ್ಯಯನಕ್ಕಾಗಿ ಹುಟ್ಟಿದ ಆ ವಿಧಾನದಿಂದ, ಕಟ್ಟೆ ಒಡೆದರೆ ನೀರು ಹೇಗೆ ನುಗ್ಗುತ್ತದೆಂದು ಇಂದು ಕಂಪ್ಯೂಟರಿನಲ್ಲಿ ನೋಡುತ್ತಾರೆ.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರೋಗ್ರಾಂ ಬರೆಯಲು ಅದರ ಶಬ್ದಗಳು ಬೇಕು. ಇಲ್ಲೇ ಇರುವ ವಾಲಚಂದ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದಲು ಮಕ್ಕಳು ಅದನ್ನು ಶ್ರದ್ಧೆಯಿಂದ ಕಲಿಯಲೇಬೇಕು. ಆದರೆ ಶಬ್ದಗಳನ್ನು ಮುಂದೆಯೂ ಕಲಿಯಬಹುದು. ಕಿಡಿ ಏಕೆ ಮೇಲೇರಿ ನಿಂತು ಬಿದ್ದಿತೆಂದು ತಿಳಿಯದೆ ಸೂತ್ರ ಬಾಯಿಪಾಠ ಮಾಡಿದ ಮಗುವಿಗೆ ಆ ಶಬ್ದಗಳಿಂದ ಏನು ಪ್ರಯೋಜನ?

ಆದ್ದರಿಂದ ಮಗುವನ್ನು ಶಾಲೆಯಿಂದ ಬಿಡಿಸುವ ಮೊದಲು ಎರಡು ಕೆಲಸ ಮಾಡಿರಿ. ಮೇಲೆ ಎಸೆದ ಚೆಂಡಿನ ವೇಗವನ್ನು ಹೆಜ್ಜೆ ಹೆಜ್ಜೆಗೆ ಬರೆದು ತೋರಿಸಲು ಮಗುವಿಗೆ ಹೇಳಿರಿ. ಅದಕ್ಕೆ ಬಾರದಿದ್ದರೆ ಶಾಲೆಗೆ ಬಂದು, ವಿಜ್ಞಾನ ಕಲಿಸಲು ಶಿಕ್ಷಕರಿದ್ದಾರೆಯೇ, ಪ್ರಯೋಗ ಮಾಡಿಸುತ್ತಾರೆಯೇ ಎಂದು ಕೇಳಿರಿ. ಕೊರತೆ ಅಲ್ಲಿದ್ದರೆ ಅದನ್ನು ತುಂಬಿಸೋಣ. ಭಾಷೆಯ ಮೇಲೆ ಹೊರಿಸುವುದು ಬೇಡ.